ಏಳನೆಯ ಅಧ್ಯಾಯದ ಚೀಸ್

ಓದುಗರು ಏನೇ ಅನ್ನಲಿ, ಲೇಖಕನಾದವನು ತುಟಿ ಪಿಟಕ್ಕೆನ್ನಬಾರದು! ನನ್ನ ಚೊಚ್ಚಲ ಕಾದಂಬರಿ ‘ದೀಪದ ಕೆಳಗಿನ ಕಣ್ಣೀರು’ ಅಥೆನ್ಸಿನಲ್ಲಿ ಅಚ್ಚಾಗಿ, ಹಡಗೇರಿ ನಮ್ಮ ದ್ವೀಪಕ್ಕೆ ಬಂದಿಳಿದ ದಿನವೇ ನಾನು ಈ ಘೋರ ಪ್ರತಿಜ್ಞೆ ಕೈಗೊಂಡೆ. ಹೊಗಳಿದರೆ ಹಿಗ್ಗುವುದಿಲ್ಲ, ತೆಗಳಿದರೆ ಕುಗ್ಗುವುದಿಲ್ಲ. ಬಂದರಿನ ಕಚೇರಿಯಲ್ಲಿ ಕೂತು ಒಂದು ಜನ್ಮವಿಡೀ ಹಡಗಿನವರ ಬೈಗುಳ ತಿಂದವನು ನಾನು. ಯಕಶ್ಚಿತ್ ಓದುಗರಿಗೆ ಹೆದರುತ್ತೇನೆಯೇ?

“ಅದನ್ನೂ ನೋಡೋಣ,” ಎಂದಳು ನನ್ನ ಹೆಂಡತಿ ಗರಿಫಲಿಯಾ, ಪಾತ್ರೆ ಉಜ್ಜುತ್ತ.

ಕಾದಂಬರಿಯೇನು ಸಾಮಾನ್ಯದ್ದಲ್ಲ. ಫೋಟಿಸ್ ಎಂಬ ಹುಡುಗ ಮಠ ಸೇರಿದ್ದಾನೆ. ಈಸ್ಟರ್ ಕಳೆದರೆ ಅವನ ಕೂದಲು ಕತ್ತರಿಸಿ ಸನ್ಯಾಸ ಕೊಡುವವರಿದ್ದಾರೆ. ಅಷ್ಟರಲ್ಲಿ ದೋಣಿ ಕಟ್ಟುವವನ ಮಗಳು ಅಸಿಮಿನಾ ಕಣ್ಣಿಗೆ ಬೀಳುತ್ತಾಳೆ. ಒಂದು ಕಡೆ ದೇವರು, ಇನ್ನೊಂದು ಕಡೆ ಅಸಿಮಿನಾ! ಬರೆಯುವಾಗ ನನಗೇ ಮೈ ಜುಮ್ಮೆಂದಿತ್ತು. ಸನ್ಯಾಸಿಯಾಗುವವನು ಗೋಡೆ ಹಾರುತ್ತಾನೆ, ಗುಡಿಯ ಹಿಂದೆ ಮುತ್ತು ಕೊಡುತ್ತಾನೆ! ಊರು ಹೊತ್ತಿ ಉರಿಯುತ್ತದೆ ಎಂದುಕೊಂಡಿದ್ದೆ. ಜನ ದಂಡೆತ್ತಿ ಬಂದರೆ ಹೇಳಬೇಕಾದ ಉತ್ತರಗಳನ್ನೆಲ್ಲ ಕನ್ನಡಿಯ ಮುಂದೆ ನಿಂತು ಬಾಯಿಪಾಠ ಮಾಡಿದ್ದೆ.

ಮೊದಲ ಅಭಿಪ್ರಾಯ ಬಂದದ್ದು ಕ್ಷೌರಿಕ ಮಾಂಥೋಸನಿಂದ. ಅದೂ ನನ್ನ ಗಂಟಲ ಮೇಲೆ ಅವನ ಕತ್ತಿ ಇದ್ದಾಗ.

“ಓದಿದೆ ಕಣೋ ಲಾಜರೋ,” ಎಂದ. “ಹುಡುಗ ಮಠದ ಗೋಡೆ ಹಾರಿದ್ದು ಪರವಾಗಿಲ್ಲ, ವಯಸ್ಸು. ಮುತ್ತು ಕೊಟ್ಟದ್ದೂ ಪರವಾಗಿಲ್ಲ, ನಾವೂ ಕೊಟ್ಟೋರೇ. ಆದ್ರೆ ಏಳನೇ ಅಧ್ಯಾಯ? ಥೂ ಥೂ!”

“ಏಳನೇ ಅಧ್ಯಾಯಕ್ಕೇನು ಬಂತು?”

“ಶಿಲುಬೆಯ ಭಾನುವಾರ ಕಳೆದ ಬುಧವಾರ ಅಂತ ನೀನೇ ಬರ್ದಿದ್ದೀಯ. ಅಂದ್ರೆ ಈಸ್ಟರ್ ವ್ರತದ ನಟ್ಟನಡು! ಮಾಂಸ ಇಲ್ಲ, ಮೊಟ್ಟೆ ಇಲ್ಲ, ಹಾಲಿಲ್ಲ. ಅಂಥಾ ದಿನ ಅವಳು ಶಾಲೊಳಗೆ ಮುಚ್ಚಿಟ್ಕೊಂಡು ಬಿಸಿಬಿಸಿ ಚೀಸ್ ಪೀತಾ ತರ್ತಾಳೆ, ಇವನು ಗಬಗಬ ತಿಂತಾನೆ! ಅಲ್ಲಯ್ಯಾ, ವ್ರತದಲ್ಲಿ ಯಾರಾದ್ರೂ ಚೀಸ್ ತಿಂತಾರಾ?”

ಕತ್ತಿ ಗಂಟಲ ಗಂಟಿನ ಮೇಲೆ ಬಂದು ನಿಂತಿತು. ಸಾಹಿತ್ಯದ ಚರ್ಚೆಗೆ ಅದು ತಕ್ಕ ಭಂಗಿಯಲ್ಲ. ನಾನು ಸುಮ್ಮನಿದ್ದೆ.

ಆದರೆ ಊರು ಸುಮ್ಮನಿರಬೇಕಲ್ಲ! ಮೀನಿನವನು ಚೀಸ್ ಎಂದ, ಔಷಧದಂಗಡಿಯವಳು ಚೀಸ್ ಎಂದಳು. ಅಂಚೆಯವನಂತೂ ನನ್ನನ್ನು ಕಂಡ ಕೂಡಲೇ ಶಿಲುಬೆಯ ಗುರುತು ಹಾಕಿಕೊಂಡ. ನನ್ನ ಪ್ರೇಮಿಗಳ ವಿರಹ ಏನಾಯಿತು? ಆತ್ಮದ ತೊಳಲಾಟ ಎಲ್ಲಿ ಹೋಯಿತು? ನಾನೂರು ಪುಟದ ಕಣ್ಣೀರನ್ನು ಬಿಟ್ಟು ಒಂದು ತುಂಡು ಚೀಸ್ ಹಿಡಿದು ಜಗ್ಗುತ್ತಾರಲ್ಲ, ಇವರೂ ಓದುಗರೇ!

ನಿಜ ಹೇಳಲೇ? ಆ ಚೀಸ್ ಕೈತಪ್ಪಿ ಬಂದದ್ದು. ‘ಶಿಲುಬೆಯ ಭಾನುವಾರ ಕಳೆದ ಬುಧವಾರ’ ಎಂಬುದು ಕಿವಿಗೆ ಇಂಪಾಗಿತ್ತು, ಬರೆದೆ. ಹಿಟ್ಟಿನ ಹಾಳೆಯ ನಡುವೆ ಚೀಸ್ ತುಂಬಿದ ಬಿಸಿ ಪೀತಾ ಮೂಗಿಗೆ ಇಂಪಾಗಿತ್ತು, ಅದನ್ನೂ ಬರೆದೆ. ಎರಡೂ ಒಂದೇ ದಿನ ಆಗುವ ಹಾಗಿಲ್ಲ ಎಂಬುದು ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಹೆಂಡತಿ ಬಡಿಸಿದ್ದನ್ನು ತಿಂದು ಎದ್ದುಹೋಗುವ ಗಂಡಸು ನಾನು. ವ್ರತ ಯಾವಾಗ ಶುರು, ಯಾವುದರಲ್ಲಿ ಏನಿದೆ ಎಂಬುದೆಲ್ಲ ಗರಿಫಲಿಯಾಳ ಖಾತೆ.

ಪೆಟ್ಟು ಬಿದ್ದದ್ದೂ ಅವಳಿಗೇ. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಬಳಿ ಪೊಲಿಕ್ಸೇನಿಯಮ್ಮ ನನ್ನನ್ನು ಅಡ್ಡಗಟ್ಟಿದರು. ನಮ್ಮ ಚರ್ಚಿನ ಮಹಿಳೆಯರ ದಾನಸಂಘಕ್ಕೆ ನನ್ನ ಹೆಂಡತಿ ಅಧ್ಯಕ್ಷೆ. ಆ ಕುರ್ಚಿಯ ಮೇಲೆ ಪೊಲಿಕ್ಸೇನಿಯಮ್ಮನ ಕಣ್ಣು ಬಿದ್ದು ಯಾವ ಕಾಲವಾಯಿತೋ. ಈಸ್ಟರಿಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರ ಚುನಾವಣೆ ಬೇರೆ ಇತ್ತು.

“ಪ್ರೇಮ ಅಂದ್ರೆ ದೇವರು ಕ್ಷಮಿಸ್ತಾನೆ ಲಾಜರೋಸರೇ,” ಎಂದರು, ಊರಿಗೆಲ್ಲ ಕೇಳುವಂತೆ. “ವ್ರತದಲ್ಲಿ ಚೀಸ್ ತಿಂದ್ರೆ ಕ್ಷಮಿಸ್ತಾನಾ?”

ನನ್ನ ಪ್ರತಿಜ್ಞೆ ಅಲ್ಲೇ ಪಟಾರನೆ ಮುರಿದುಬಿತ್ತು.

“ಅಮ್ಮಾ, ಅದು ಸಂಕೇತ! ಆ ಚೀಸ್ ಚೀಸೇ ಅಲ್ಲ!” ಎಂದು ಕೂಗಿದೆ.

“ಓಹೋ! ಹಾಗಾದ್ರೆ ಅವನ ಗಡ್ಡಕ್ಕೆ ಎಳೆಎಳೆಯಾಗಿ ಅಂಟಿಕೊಂಡಿತ್ತು ಅಂತ ಬರೆದಿದ್ದೀರಲ್ಲ, ಏನದು? ಸಂಕೇತಾನಾ?”

ಮೆಟ್ಟಿಲ ಮೇಲಿದ್ದವರೆಲ್ಲ ಗೊಳ್ಳೆಂದರು. ನಗು ನಿಲ್ಲುವ ತನಕ ಕಾದು ಪೊಲಿಕ್ಸೇನಿಯಮ್ಮ ಮೆಲ್ಲಗೆ, ಜೇನು ಸವರಿದ ದನಿಯಲ್ಲಿ, ಕೊನೆಯ ಬಾಣ ಬಿಟ್ಟರು: “ಹೋಗ್ಲಿ ಬಿಡಿ. ಮನೇಲಿ ಕಂಡದ್ದನ್ನೇ ತಾನೇ ಮನುಷ್ಯ ಬರೆಯೋದು?”

ನನ್ನ ಪಕ್ಕದಲ್ಲಿದ್ದ ಗರಿಫಲಿಯಾಳ ಮುಖ ಸುಣ್ಣದಂತಾಯಿತು. ಬಿಸ್ಕತ್ತಿನ ಪೊಟ್ಟಣವನ್ನೂ ಕನ್ನಡಕ ಹಾಕಿ ಓದಿ, ಹಾಲಿನ ಪುಡಿ ಇದ್ದರೆ ವ್ರತ ಮುಗಿಯುವ ತನಕ ಬೀಗ ಹಾಕಿಡುವ ಹೆಂಗಸು ಅವಳು! ಮನೆಗೆ ಬಂದ ಮೇಲೆ ಕಿರುಚಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಕಿರುಚಲಿಲ್ಲ.

“ನಮ್ಮಮ್ಮ ಸತ್ತ ವರ್ಷ ಕೂಡ ಈ ಅಡುಗೆಮನೆಯಲ್ಲಿ ವ್ರತ ತಪ್ಪಲಿಲ್ಲ ಲಾಜರೋ,” ಎಂದಳು. “ನಿನ್ನ ಒಂದು ಪುಟ ಎಲ್ಲಾನೂ ಮಣ್ಣುಪಾಲು ಮಾಡ್ತು. ಅಧ್ಯಕ್ಷಗಿರಿ ಹಾಳಾಗಿ ಹೋಗ್ಲಿ. ನಾಳೆ ನಾನು ಮಾಡಿಕೊಟ್ಟದ್ದನ್ನ ಚರ್ಚಲ್ಲಿ ಯಾರಾದ್ರೂ ಮುಟ್ತಾರಾ?”

ಪೊಲಿಕ್ಸೇನಿಯಮ್ಮನ ಮೇಲಿನ ಸಿಟ್ಟು ನೆತ್ತಿಗೇರಿತು.

“ನನ್ನ ಹೆಸರಿನ ಹಬ್ಬ ಬರಲಿ,” ಎಂದು ಗುಡುಗಿದೆ. “ಊರೆಲ್ಲ ನಮ್ಮ ಮನೆಗೇ ಬರ್ತದಲ್ಲ! ನಿನ್ನ ವ್ರತದ ಅಡುಗೆ ಏನು ಅಂತ ನನ್ನ ಕೈಯಾರೆ ಬಡಿಸಿ ತೋರಿಸ್ತೀನಿ. ಒಬ್ಬೊಬ್ಬರ ಬಾಯಿ ಮುಚ್ಚಿಸ್ತೀನಿ!”

“ನೀನು ಬಡಿಸೋದು ಬೇಡ,” ಎಂದಳು. ಆ ಮಾತನ್ನು ಕೇಳಬೇಕಿತ್ತು.

ಯಾವ ಸಂತನ ಹೆಸರು ಇಟ್ಟಿದ್ದಾರೋ ಆ ಸಂತನ ದಿನವೇ ನಮ್ಮಲ್ಲಿ ಹೆಸರಿನ ಹಬ್ಬ. ನನ್ನದು ಲಾಜರನ ಶನಿವಾರ, ಗರಿಗಳ ಭಾನುವಾರದ ಹಿಂದಿನ ದಿನ. ಹೆಸರಿನ ಹಬ್ಬಕ್ಕೆ ಯಾರನ್ನೂ ಕರೆಯುವಂತಿಲ್ಲ, ಬಂದವರನ್ನು ಕಳಿಸುವಂತೆಯೂ ಇಲ್ಲ. ‘ನೂರು ವರ್ಷ ಬಾಳು’ ಎನ್ನುತ್ತ ಬರುತ್ತಾರೆ, ತಿನ್ನುತ್ತಾರೆ, ಕುಡಿಯುತ್ತಾರೆ. ಆ ವರ್ಷ ಜತೆಗೆ ಕಾದಂಬರಿಯನ್ನೂ ಹಿಡಿದುಕೊಂಡು ಬಂದರು. ಮಾಂಥೋಸನಂತೂ ಏಳನೆಯ ಅಧ್ಯಾಯಕ್ಕೆ ಬೆರಳಿಟ್ಟುಕೊಂಡೇ ಒಳಗೆ ಬಂದ. ಪಾದ್ರಿ ಸ್ತಾಮಾತಿಸ್ ಬಂದು ಕಿಟಕಿಯ ಪಕ್ಕ ಕೂತರು. ಪೊಲಿಕ್ಸೇನಿಯಮ್ಮ ನಟ್ಟನಡುವಿನ ಕುರ್ಚಿಯನ್ನೇ ಹಿಡಿದರು.

ಒಳಗೆ ಎರಡು ತಟ್ಟೆ ಸೊಪ್ಪಿನ ಪೀತಾ ಇದ್ದವು. ಮೇಲೆ ಕೆಳಗೆ ತೆಳ್ಳನೆಯ ಹಿಟ್ಟಿನ ಹಾಳೆ, ನಡುವೆ ಹಸಿರು ಹೂರಣ. ಎರಡೂ ಅವಳಿ ಮಕ್ಕಳಂತೆ ಒಂದೇ ಥರ. ಒಂದು ಅತಿಥಿಗಳಿಗೆ ಎಂದೂ, ಇನ್ನೊಂದು ಸಂಜೆ ಹಡಗಿಗೆ ಅಥೆನ್ಸಿನಿಂದ ಬರುವ ಮೊಮ್ಮಗಳಿಗೆ ಎಂದೂ, ಮಗುವಿಗೆ ವ್ರತ ಇಲ್ಲ ಎಂದೂ ಗರಿಫಲಿಯಾ ಬೆಳಿಗ್ಗೆ ಹೇಳಿದ್ದಳು. ಯಾವುದು ಯಾರಿಗೆ ಎಂಬುದನ್ನೂ ಹೇಳಿದ್ದಳು. ಆಗ ನಾನು ಪೊಲಿಕ್ಸೇನಿಯಮ್ಮನಿಗೆ ಕೊಡಬೇಕಾದ ಉತ್ತರವನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೆ.

ಒಂದರ ಮೇಲೆ ಮಾತ್ರ ಎಳ್ಳು ಉದುರಿಸಿತ್ತು. ಅಲಂಕಾರ ಮಾಡಿದ್ದು ಅತಿಥಿಗಲ್ಲದೆ ಇನ್ನಾರಿಗೆ? ನನ್ನ ಬುದ್ಧಿಗೆ ನಾನೇ ತಲೆದೂಗಿ, ಎಳ್ಳಿನ ತಟ್ಟೆಯನ್ನು ಎತ್ತಿಕೊಂಡು ನಡುಮನೆಗೆ ನುಗ್ಗಿದೆ.

“ತಿನ್ನಿ!” ಎಂದೆ. “ಕಾದಂಬರಿ ನನ್ನದು, ಅಡುಗೆಮನೆ ಇವಳದು. ವ್ರತ ಅಂದ್ರೇನು ಅಂತ ಇದರ ರುಚಿ ನೋಡಿ ತಿಳ್ಕೊಳ್ಳಿ!”

ಕಾಫಿ ಕೊಡುತ್ತಿದ್ದ ಗರಿಫಲಿಯಾ ತಟ್ಟೆಯ ಕಡೆ ತಿರುಗಿದಳು. ಕೈಯ ಬಟ್ಟಲನ್ನು ಅಲ್ಲೇ ಇಟ್ಟು ನನ್ನತ್ತ ಧಾವಿಸಿದಳು. ನಾನು ಆಗಲೇ ಹಂಚಿ ಮುಗಿಸಿದ್ದೆ. ತೋಳು ಹಿಡಿದು ನನ್ನನ್ನು ಒಳಗೆ ದರದರ ಎಳೆದುಕೊಂಡು ಹೋದಳು.

“ಅದ್ರ ಮೇಲೆ ಎಳ್ಳಿದ್ದದ್ದು ಕಾಣ್ಲಿಲ್ವಾ ನಿಂಗೆ?”

“ಕಾಣ್ತು. ಅದಕ್ಕೇ ತಾನೇ ತಂದದ್ದು!”

“ಮಗೂಗೆ ಎಳ್ಳು ಇಷ್ಟ ಅಂತ ಗುರುತಿಗೆ ಹಾಕಿದ್ದೆ ಕಣೋ! ಆ ಸೊಪ್ಪಿಗೆ ಅರ್ಧಕ್ಕರ್ಧ ಚೀಸ್ ಕಲಸಿದೆ!”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಾಗದದ ಮೇಲೆ ಒಬ್ಬನಿಗೆ ಚೀಸ್ ತಿನ್ನಿಸಿದ್ದಕ್ಕೇ ಇಷ್ಟು ರಾದ್ಧಾಂತ. ಈಗ ಇಡೀ ಊರಿಗೆ ತಿನ್ನಿಸಿದ್ದೇನೆ, ಪಾದ್ರಿಗಳನ್ನೂ ಸೇರಿಸಿ! ನಾಳೆ ಚುನಾವಣೆ! ಗರಿಫಲಿಯಾ ಕಣ್ಣೊರೆಸಿಕೊಂಡಳು. “ಹೋಗಿ ನಿಜ ಹೇಳಿಬಿಡ್ತೀನಿ,” ಎಂದು ಹೊರಟವಳು ಬಾಗಿಲಲ್ಲೇ ನಿಂತಳು. ನಾನೂ ಇಣುಕಿದೆ.

ನಡುಮನೆಯಲ್ಲಿ ಸದ್ದಿಲ್ಲ, ಬರೀ ಅಗಿಯುವ ಸದ್ದು. ಪೀತಾ ತಣ್ಣಗಾಗಿತ್ತು, ಸದ್ಯ ಎಳೆ ಬರಲಿಲ್ಲ. ಆದರೆ ಅಷ್ಟು ದಿನ ಬೇಳೆ, ಬೀನ್ಸು, ಆಲಿವ್ ತಿಂದು ಒಣಗಿದ ನಾಲಿಗೆಗಳು! ಮಾಂಥೋಸ್ ಕಣ್ಣು ಮುಚ್ಚಿ ಚಪ್ಪರಿಸುತ್ತಿದ್ದ. ಏಳನೆಯ ಅಧ್ಯಾಯದಿಂದ ಬೆರಳು ಯಾವಾಗಲೋ ಜಾರಿತ್ತು. ಪೊಲಿಕ್ಸೇನಿಯಮ್ಮ ಇನ್ನೊಂದು ತುಂಡಿಗೆ ಕೈ ಹಾಕಿದ್ದರು.

“ಇದಪ್ಪಾ ವ್ರತದ ಪೀತಾ ಅಂದ್ರೆ!” ಎಂದರು ಬಾಯಿ ತುಂಬಿಕೊಂಡು. “ಲಾಜರೋಸರೇ, ನಿಮ್ಮ ಅಸಿಮಿನಾ ಇಂಥದ್ದು ಮಾಡ್ಕೊಂಡು ಹೋಗಿದ್ರೆ ಯಾರು ಬೇಡ ಅಂತಿದ್ರು? ಗರಿಫಲಿಯಾ, ಏನು ಹಾಕ್ತೀಯೇ ಇದಕ್ಕೆ?”

ಪಾದ್ರಿಗಳು ಒಂದು ಕಚ್ಚು ಕಚ್ಚಿ ನಿಲ್ಲಿಸಿದ್ದರು. ನನ್ನನ್ನು ನೋಡಿದರು. ಗರಿಫಲಿಯಾಳ ಒದ್ದೆ ಕಣ್ಣನ್ನು ನೋಡಿದರು. ಆಮೇಲೆ ಅವರು ನಿಧಾನವಾಗಿ ಅಗಿಯತೊಡಗಿದರು. ಒಂದು ಚೂರೂ ಬಿಡದೆ ತಿಂದು, ಗಡ್ಡ ಒರೆಸಿಕೊಂಡು, ನನ್ನನ್ನು ಹತ್ತಿರ ಕರೆದರು.

“ಲಾಜರೋ, ಏಳನೇ ಅಧ್ಯಾಯ ನಂಗೀಗ ಅರ್ಥ ಆಯ್ತಪ್ಪಾ,” ಎಂದರು ಪಿಸುದನಿಯಲ್ಲಿ. “ಆ ಹುಡುಗ ಹಸಿವಿಗೆ ತಿನ್ನಲಿಲ್ಲ. ಪ್ರೀತಿಯಿಂದ ತಂದವಳ ಮುಖ ಬಾಡಬಾರದು ಅಂತ ತಿಂದ. ಅದೂ ಒಂದು ವ್ರತವೇ. ಎಷ್ಟು ಚೆನ್ನಾಗಿ ಬರೆದಿದ್ದೀಯ!”

ನಾನು ಹಾಗೆ ಬರೆದೇ ಇರಲಿಲ್ಲ! ಆದರೂ ಎಲ್ಲ ಯೋಚಿಸಿ ಬರೆದವನಂತೆ ಗಂಭೀರವಾಗಿ ತಲೆಯಾಡಿಸಿದೆ.

ಅತ್ತ ಪೊಲಿಕ್ಸೇನಿಯಮ್ಮ ಪಟ್ಟು ಬಿಡಲಿಲ್ಲ. “ಮಾಡೋ ವಿಧಾನ ಹೇಳದೆ ನಾನಿಲ್ಲಿಂದ ಏಳೋಳಲ್ಲ!” ಎಂದು ಕುರ್ಚಿಗೆ ಅಂಟಿಕೊಂಡರು. ಗರಿಫಲಿಯಾ ಬಾಯಿ ತೆರೆಯುವ ಮೊದಲೇ ಪಾದ್ರಿಗಳು ಕೆಮ್ಮಿದರು. “ಲಾಜರೋಸ್ ಬರೆದು ಕೊಡ್ತಾನೆ ಬಿಡಮ್ಮ. ಬರವಣಿಗೆ ಅವನ ಕೆಲಸ ತಾನೇ?” ಎಂದು ಎದ್ದೇಬಿಟ್ಟರು.

ಎಲ್ಲರೂ ಹೋದ ಮೇಲೆ ಗರಿಫಲಿಯಾ ನನ್ನ ಮುಂದೆ ಕಾಗದ ಕುಕ್ಕಿದಳು. “ಸುಳ್ಳು ಬರೆದು ಕೈ ಪಳಗಿದೆಯಲ್ಲ, ಬರಿ!”

ಬರೆದೆ. ಬಾದಾಮಿ ನೆನೆಹಾಕಿ ಸಿಪ್ಪೆ ಸುಲಿದು ರುಬ್ಬಿ, ನಿಂಬೆರಸ ಮತ್ತು ಉಪ್ಪು ಬೆರೆಸಿ, ಬಟ್ಟೆಯಲ್ಲಿ ಕಟ್ಟಿ ನೇತುಹಾಕಿ, ಗಟ್ಟಿಯಾದ ಮೇಲೆ ಸೊಪ್ಪಿಗೆ ಕಲಸುವುದು. ಇಷ್ಟು ಭಾವಪೂರ್ಣವಾಗಿ ನಾನು ವಿರಹವನ್ನೂ ಬರೆದಿರಲಿಲ್ಲ! ಸಂಜೆ ಬಂದ ಮೊಮ್ಮಗಳು ವ್ರತದ ಪೀತಾ ತಿಂದು, “ಅಜ್ಜೀ, ಚೀಸೇ ಇಲ್ಲ!” ಎಂದು ರಂಪ ಮಾಡಿತು. ನಾನು ಕಿಟಕಿ ಮುಚ್ಚಿದೆ.

ಗರಿಗಳ ಭಾನುವಾರ ನನ್ನ ಬರಹ ಚರ್ಚಿನ ಹಲಗೆಯ ಮೇಲೆ ಅಂಟಿತು. ಹೆಂಗಸರು ಮುಗಿಬಿದ್ದು ಓದಿದರು, ಬರೆದುಕೊಂಡರು. ಚುನಾವಣೆಯಲ್ಲಿ ಗರಿಫಲಿಯಾಳ ಹೆಸರನ್ನು ಸೂಚಿಸಿದವರು ಸಾಕ್ಷಾತ್ ಪೊಲಿಕ್ಸೇನಿಯಮ್ಮ! “ಇಂಥಾ ಪೀತಾ ಮಾಡೋಳ ಮನೇಲಿ ವ್ರತ ಕೆಡುತ್ತಾ? ಅಂದವರ ಬಾಯಿಗೆ ಹುಳ ಬೀಳ!” ಎಂದು ಅಬ್ಬರಿಸಿದರು. ಅಂದವರು ಯಾರು ಎಂದು ಯಾರೂ ಕೇಳಲಿಲ್ಲ. ನನ್ನವಳು ಅವಿರೋಧವಾಗಿ ಗೆದ್ದಳು.

ಮಂಗಳವಾರ ಬೆಳಿಗ್ಗೆ ಪೊಲಿಕ್ಸೇನಿಯಮ್ಮ ಮುಚ್ಚಿದ ತಟ್ಟೆ ಹಿಡಿದು ನಮ್ಮ ಮನೆಗೇ ಬಂದರು. ಪವಿತ್ರ ವಾರ, ವ್ರತದಲ್ಲೇ ಕಡು ವ್ರತದ ದಿನಗಳು.

“ನೀವು ಬರೆದ ಹಾಗೇ ಮಾಡಿದೆ ಲಾಜರೋಸರೇ. ಬಾದಾಮಿ, ನಿಂಬೆ, ಉಪ್ಪು. ಒಂದು ಚಿಟಿಕೆ ಆಚೀಚೆ ಇಲ್ಲ. ಬಿಸಿ ಆರೋಕೆ ಮುಂಚೆ ತಿನ್ನಿ!”

ಕಚ್ಚಿದೆ. ನನ್ನ ಬಾಯಿಯಿಂದ ತಟ್ಟೆಯವರೆಗೆ ಉದ್ದನೆಯ ಬಿಳಿ ಎಳೆ ಜೋತುಬಿತ್ತು. ಲೋಕ ಹುಟ್ಟಿದಾಗಿನಿಂದ ಬಾದಾಮಿ ಹೀಗೆ ಎಳೆ ಬಿಟ್ಟದ್ದಿಲ್ಲ! ನಾನು ಹೆಂಡತಿಯನ್ನು ನೋಡಿದೆ, ಹೆಂಡತಿ ನನ್ನನ್ನು ನೋಡಿದಳು. ಪೊಲಿಕ್ಸೇನಿಯಮ್ಮ ಇಬ್ಬರ ಮುಖವನ್ನೂ ಆಸೆಯಿಂದ ನೋಡುತ್ತಿದ್ದರು. ಜೀವಮಾನದಲ್ಲಿ ವ್ರತ ತಪ್ಪದ ನನ್ನ ಗರಿಫಲಿಯಾ ಒಂದು ತುಂಡು ತೆಗೆದುಕೊಂಡು, ಪಾದ್ರಿಗಳಂತೆಯೇ ನಿಧಾನವಾಗಿ ಅಗಿದು ನುಂಗಿದಳು.

“ಬಾದಾಮಿ ತುಂಬಾ ಹದವಾಗಿದೆ ಪೊಲಿಕ್ಸೇನಿ,” ಎಂದಳು, ರೆಪ್ಪೆ ಬಡಿಯದೆ.

ಪೊಲಿಕ್ಸೇನಿಯಮ್ಮ ಉಬ್ಬಿಹೋದರು. “ನೋಡಿ ಲಾಜರೋಸರೇ, ನೀವು ಬರೆದದ್ದರಲ್ಲಿ ಇದೊಂದೇ ಅಕ್ಷರಶಃ ಸತ್ಯ! ಇನ್ನು ಮುಂದೆ ಇಂಥದ್ದನ್ನೇ ಬರೀರಿ. ಪ್ರೇಮಗೀಮ ಎಲ್ಲ ಯಾಕೆ ನಿಮಗೆ? ಅನುಭವ ಇಲ್ಲದ ವಿಷಯ!”

ನನಗೆ ಉರಿದುಹೋಯಿತು! ಆದರೆ ಬಾಯಿ ತುಂಬ ಚೀಸ್, ಮಾತಾಡುವುದು ಹೇಗೆ? ಕಟ್ಟಿಕೊಂಡವಳಾದರೂ ನನ್ನ ಪರ ಒಂದು ಮಾತಾಡಲಿ ಎಂದು ಗರಿಫಲಿಯಾಳ ಕಡೆ ತಿರುಗಿದೆ.

ಅವಳು ಗದ್ದಕ್ಕೆ ಅಂಟಿದ್ದ ಎಳೆಯನ್ನು ಮೆಲ್ಲಗೆ ಒರೆಸಿಕೊಂಡಳು.

“ಅದು ಮಾತ್ರ ನಿಜ,” ಎಂದಳು.