ನಾರ್ತ್ ಡಕೋಟಾದ ಮಾದಲಿ

ಅಮೆರಿಕದಲ್ಲಿ ಐವತ್ತು ರಾಜ್ಯಗಳಿವೆ. ಈ ಪೈಕಿ ಬಹುಪಾಲು ರಾಜ್ಯಗಳ ಸಾಂಪ್ರದಾಯಿಕ ಅಡುಗೆಯು ಕುವೈತಿನ ಮೀನಾ ಅಬ್ದುಲ್ಲಾದಲ್ಲಿರುವ ನಮ್ಮ ಕ್ಯಾಂಪಿನ ಮೆಸ್ಸಿನಲ್ಲಿ, ಬಾದಾಮಿ ತಾಲೂಕಿನ ಪರಪ್ಪನ ಕೈಯಿಂದ ಸಿದ್ಧವಾದದ್ದು ಎಂಬುದನ್ನು ಸಂಬಂಧಪಟ್ಟವರೆಲ್ಲರ ಗಮನಕ್ಕೆ ಈ ಮೂಲಕ ತರಲಾಗಿದೆ. ನಾನು ಲಿಗೋರಿ, ಸದರಿ ಮೆಸ್ಸಿನ ಗುಮಾಸ್ತ. ಯಾರಿಗಾದರೂ ಸಂಶಯ ಇದ್ದರೆ ಸೀದಾ ನನ್ನ ಹತ್ತಿರ ಬರಲಿ ಮಾರಾಯ್ರೆ. ಸೀಲು ನನ್ನ ಮೇಜಿನ ಡ್ರಾವರಿನಲ್ಲೇ ಉಂಟು.

೧೯೯೬ರಲ್ಲಿ ರಿಫೈನರಿಯ ರಿಪೇರಿಗೆಂದು ಅಮೆರಿಕದ ಇಂಜಿನಿಯರುಗಳು ಬಂದರು. ಅವರಿಗೆ ಊಟ ಹಾಕುವ ಗುತ್ತಿಗೆ ನಮ್ಮ ಕಂಪೆನಿಗೆ ಸಿಕ್ಕಿತು. ಅದರಲ್ಲಿ 'ಅಮೆರಿಕನ್ ಊಟ'ಕ್ಕೆ ಒಂದು ದರ, 'ಅಮೆರಿಕದ ಪ್ರಾದೇಶಿಕ ಊಟ'ಕ್ಕೆ ಅದರ ದುಪ್ಪಟ್ಟು ದರ. ನಮ್ಮ ಮ್ಯಾನೇಜರು, ಮಂಗಳೂರಿನ ಕ್ಲೇಟನ್ ಸಾಹೇಬರಲ್ಲಿ ಪ್ರಾದೇಶಿಕ ಅಭಿಮಾನ ಹುಟ್ಟಿದ್ದು ಆ ಸಾಲು ಓದಿದ ಮೇಲೆ. ದಿನಕ್ಕೊಂದು ರಾಜ್ಯ ಎಂದು ಬರೆದುಕೊಟ್ಟುಬಿಟ್ಟರು. ಅವರು ಅಮೆರಿಕ ಕಂಡವರಲ್ಲ. ಆದರೆ ಜಾಬ್ರಿಯಾದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವರ ಹೆಂಡತಿ ಫ್ರೀಡಾ ಬಾಯಿಯವರ ತಮ್ಮ ಕಂಡಿದ್ದಾನೆ. ಅಷ್ಟು ಅನುಭವ ಸಾಕೆಂದು ಕಂಪೆನಿ ಒಪ್ಪಿತು.

ನಮ್ಮ ಹೆಡ್ ಕುಕ್ಕಿಗೆ ಎರಡು ರಾಜ್ಯ ಬರುತ್ತಿತ್ತು. ಮೊದಲ ದಿನ ಟೆಕ್ಸಾಸ್ ಮಾಡಿದ, ಎರಡನೇ ದಿನ ಲೂಸಿಯಾನಾ ಮಾಡಿದ, ಮೂರನೇ ದಿನ ಬೇರೆ ಕಂಪೆನಿಗೆ ಹೋದ. ಆ ದಿನ ಬೋರ್ಡಿನ ಮೇಲೆ 'ಜಾರ್ಜಿಯಾ' ಎಂದು ಬರೆದಾಗಿತ್ತು. ಒಲೆಯ ಮೇಲೆ ಮಾತ್ರ, ಪಾತ್ರೆ ತೊಳೆಯುವ ಹೆಲ್ಪರ್ ಪರಪ್ಪ ತನ್ನ ಹೊಟ್ಟೆಪಾಡಿಗೆಂದು ಇಟ್ಟುಕೊಂಡಿದ್ದ ಜೋಳದ ನುಚ್ಚು ಕುದಿಯುತ್ತಿತ್ತು. ಕ್ಲೇಟನ್ ಸಾಹೇಬರು ಮುಚ್ಚಳ ತೆಗೆದು ನೋಡಿ, ಯಲ್ಲಾ, ಬೇಗ ಆಗಲಿ, ಇದನ್ನೇ ಬಡಿಸಿ ಎಂದರು.

ಊಟವನ್ನು ಪರೀಕ್ಷಿಸಲು ಇಂಜಿನಿಯರುಗಳದ್ದೇ ಒಂದು ರುಚಿ ಸಮಿತಿ ಇತ್ತು. ಅದರ ಅಧ್ಯಕ್ಷರು ಟೆಕ್ಸಾಸಿನ ಡ್ವೇನ್ ಸಾಹೇಬರು. ಒಂದು ಚಮಚ ತಿಂದು, ಇದು ಟೆಕ್ಸಾಸಿನದ್ದಲ್ಲ ಎಂದು ಘೋಷಿಸಿದರು. ಕಾನ್ಸಾಸಿನ ಸದಸ್ಯರು ನಮ್ಮದೂ ಅಲ್ಲ ಎಂದರು. ಲೂಸಿಯಾನಾದವರು ಎರಡನೇ ಸಲ ಹಾಕಿಸಿಕೊಂಡು, ಮೇಲೆ ಮಜ್ಜಿಗೆಯನ್ನೂ ಸುರಿಸಿಕೊಂಡು, ನಮ್ಮದಂತೂ ಅಲ್ಲವೇ ಅಲ್ಲ ಎಂದರು. ಹಾಗಾದರೆ ಜಾರ್ಜಿಯಾದ್ದೇ ಎಂದು ತೀರ್ಮಾನವಾಯಿತು. ಇದರಲ್ಲಿ ನಗುವುದಕ್ಕೇನುಂಟು? ಮಂಗಳೂರಿನವನಿಗೆ ಬೀದರಿನ ಊಟ ಗೊತ್ತುಂಟಾ? ಗೊತ್ತಿಲ್ಲ ಎಂದು ನಾಲ್ಕು ಜನರೆದುರು ಒಪ್ಪಿಕೊಳ್ಳುತ್ತಾನಾ? ಅಂದೇ ನಾನು ಮೊದಲನೇ ನಿಯಮವನ್ನು ಟೈಪು ಮಾಡಿದೆ: 'ಹಾಜರಿರುವವರು ಯಾರೂ ತಮ್ಮದೆಂದು ಹೇಳದ ತಿನಿಸು ಗೈರುಹಾಜರಾದವರ ರಾಜ್ಯಕ್ಕೆ ಸೇರತಕ್ಕದ್ದು.'

ಪರಪ್ಪ ಮಾತ್ರ ಕೈ ಒರೆಸಿಕೊಳ್ಳುತ್ತ ನನ್ನ ಮೇಜಿನ ಹತ್ತಿರ ಬಂದ. "ಲಿಗೋರಿ ಸಾಹೇಬ್ರ, ನಮ್ಮ ಕಡೆ ಇದಕ್ಕ ನುಚ್ಚ ಅಂತಾರ್ರೀ. ಸುಳ್ಳ ಹೇಳೂದು ನನಗ ಬರಾಂಗಿಲ್ಲ."

ಕ್ಲೇಟನ್ ಸಾಹೇಬರು ಅವನನ್ನು ಕೂರಿಸಿ ಪ್ರೀತಿಯಿಂದ ತಿಳಿಹೇಳಿದರು. ಅವನ ಇಕಾಮಾದಲ್ಲಿ, ಅಂದರೆ ಕುವೈತಿನ ವಾಸದ ಪರವಾನಗಿಯಲ್ಲಿ, ಹೆಲ್ಪರ್ ಎಂದುಂಟು. ಹೆಲ್ಪರಿಗೆ ಹೆಂಡತಿಯನ್ನು ಕರೆಸಿಕೊಳ್ಳುವ ವೀಸಾ ಸಿಗುವುದಿಲ್ಲ. ಸಮಿತಿಯವರು 'ಅಮೆರಿಕದ ಪ್ರಾದೇಶಿಕ ಆಹಾರ ತಜ್ಞ' ಎಂದು ಸಹಿ ಹಾಕಿಕೊಟ್ಟರೆ ಸಾಹೇಬರೇ ಖುದ್ದು ವೀಸಾ ಕೊಟ್ಟ ಕಫೀಲನ ಹತ್ತಿರ ಹೋಗಿ ಇಕಾಮಾ ಬದಲಿಸಿ ತರುತ್ತಾರೆ. ಪರಪ್ಪ ಮದುವೆಯಾದ ತಿಂಗಳೊಳಗೆ ಕುವೈತಿಗೆ ಬಂದವನು. ಆಮೇಲೆ ಹೊನ್ನವ್ವನ ದನಿಯನ್ನು ಅವನು ಕೇಳಿದ್ದು ಅವಳು ಊರಿಂದ ಕಳಿಸುವ ಕ್ಯಾಸೆಟ್ಟಿನಲ್ಲಿ ಮಾತ್ರ. ಅದರಲ್ಲೂ ಅರ್ಧ ಅವಳು, ಅರ್ಧ ಹಿತ್ತಲಿನ ಕೋಳಿ. ಆ ಕೋಳಿಯ ದನಿ ಕೇಳಿದರೂ ಅವನ ಕಣ್ಣಲ್ಲಿ ನೀರು ಬರುತ್ತಿತ್ತು, ಪಾಪ.

ಅವನು ಎದ್ದು ಸೌಟು ತೊಳೆದಿಟ್ಟ. ಆಮೇಲೆ, "ನಾಳಿಗೆ ಯಾವ ರಾಜ್ಯ ಐತ್ರಿ?" ಎಂದ.

ಅಲ್ಲಿಂದ ಕೆಲಸ ಸುಸೂತ್ರವಾಗಿ ಸಾಗಿತು. ಜುಣಕದ ವಡೆ ನೆಬ್ರಾಸ್ಕಾಕ್ಕೆ ಹೋಯಿತು. ಬದನೆಕಾಯಿ ಎಣ್ಣೆಗಾಯಿ ಒಹಾಯೋಕ್ಕೆ. ಗುರೆಳ್ಳು ಚಟ್ನಿಪುಡಿ ಕಪ್ಪಗಿದ್ದ ಕಾರಣ, ಎಣ್ಣೆಬಾವಿಗಳುಳ್ಳ ಅಲಾಸ್ಕಾಕ್ಕೆ ಅದನ್ನು ಸರ್ವಾನುಮತದಿಂದ ಮಂಜೂರು ಮಾಡಲಾಯಿತು. ಕೆಂಪು ಖಾರ ತಿಂದು ಡ್ವೇನ್ ಸಾಹೇಬರ ಕಣ್ಣುಮೂಗಿನಲ್ಲಿ ನೀರು ಇಳಿದಾಗ, ತಾವು ಎಳೆಯವರಿದ್ದಾಗ ಅರಿಜೋನಾದಲ್ಲಿ ಇದನ್ನೇ ತಿಂದದ್ದು ನೆನಪಾಯಿತೆಂದು ಅವರು ಬಿಕ್ಕಳಿಸುತ್ತಲೇ ಹೇಳಿದರು. ಇಂಜಿನಿಯರುಗಳು ಮನೆಗೆ ಫೋನು ಮಾಡಿ, ಅಮೆರಿಕದಲ್ಲಿ ಇದ್ದಷ್ಟು ಕಾಲ ಅಮೆರಿಕದ ಊಟವನ್ನೇ ತಿಂದಿರಲಿಲ್ಲ ಎಂದು ಹೆಂಡತಿಯರಿಗೆ ಬೈದರಂತೆ.

ಕೊನೆಗೆ ತಜ್ಞನ ಪತ್ರಕ್ಕೆ ಸಹಿ ಬೀಳಬೇಕಾದ ದಿನ ಬಂತು. ಅಂದು ನಾರ್ತ್ ಡಕೋಟಾ. ಪರಪ್ಪ ಸಂತೋಷದಲ್ಲಿ ಮಾದಲಿ ಮಾಡಿದ್ದ: ಗೋಧಿ ರೊಟ್ಟಿ ಪುಡಿ ಮಾಡಿ, ಬೆಲ್ಲ, ಯಾಲಕ್ಕಿ, ಗಸಗಸೆ ಬೆರೆಸಿ, ಮೇಲೆ ಹಾಲು, ತುಪ್ಪ. ಅದೇ ಹೊತ್ತಿಗೆ ಹೊಸದಾಗಿ ಬಂದ ಓಲ್ಸನ್ ಎಂಬ ಎತ್ತರದ ಮನುಷ್ಯ ತಟ್ಟೆ ಹಿಡಿದು ಬೋರ್ಡು ಓದಿದ. ಮಾದಲಿಯನ್ನು ನೋಡಿದ. ತಾನು ನಾರ್ತ್ ಡಕೋಟಾದವನೇ, ಹುಟ್ಟಿದ್ದು ಬೆಳೆದದ್ದು ಅಲ್ಲಿಯೇ, ಇಂಥದ್ದನ್ನು ಜನ್ಮದಲ್ಲಿ ಕಂಡಿಲ್ಲ ಎಂದ.

ಸಮಿತಿಯವರು ಚಮಚ ಕೆಳಗಿಟ್ಟರು. ಪರಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತುಕೊಂಡಿದ್ದ. ಇಂಗ್ಲಿಷ್ ಬಾರದಿದ್ದರೂ ಅವನ ಮುಖ ಸಣ್ಣಗಾಯಿತು.

ಡ್ವೇನ್ ಸಾಹೇಬರು ಪಾಸ್‌ಪೋರ್ಟ್ ಕೇಳಿದರು. ಅದರಲ್ಲಿ ಜನ್ಮಸ್ಥಳ ನಾರ್ತ್ ಡಕೋಟಾ ಎಂದೇ ಇತ್ತು. ಹುಟ್ಟುವುದು ಬೇರೆ, ಉಣ್ಣುವುದು ಬೇರೆ ಎಂದರು ಕ್ಲೇಟನ್ ಸಾಹೇಬರು. ಕೂಡಲೇ ಎರಡನೇ ನಿಯಮ ಟೈಪಾಯಿತು: 'ಹುಟ್ಟಿದ ಮಾತ್ರಕ್ಕೆ ಯಾರೂ ಒಂದು ರಾಜ್ಯದವರಾಗುವುದಿಲ್ಲ; ಅಡುಗೆಯ ಮೂಲಕ ರುಜುವಾತುಪಡಿಸತಕ್ಕದ್ದು.'

ಓಲ್ಸನ್ ಹಿಂದೆ ಸರಿಯುವ ಆಸಾಮಿಯಲ್ಲ. ಅಡುಗೆಮನೆಗೆ ನುಗ್ಗಿ ಆಲೂಗಡ್ಡೆ ಬೇಯಿಸಿ ಹಿಸುಕಿದ. ಮೈದಾ ಸೇರಿಸಿ ನಾದಿದ. ಪರಪ್ಪನದೇ ಲಟ್ಟಣಿಗೆಯಲ್ಲಿ ತೆಳ್ಳಗೆ ಲಟ್ಟಿಸಿ, ಪರಪ್ಪನದೇ ಹಂಚಿನಲ್ಲಿ ಬೇಯಿಸಿ, ಬೆಣ್ಣೆ ಸಕ್ಕರೆ ಹಚ್ಚಿ ಸುರುಳಿ ಸುತ್ತಿದ. ಇದರ ಹೆಸರು ಲೆಫ್ಸೆ, ನನ್ನ ಅಜ್ಜಿ ಕ್ರಿಸ್‌ಮಸ್ಸಿಗೆ ಮಾಡುತ್ತಿದ್ದದ್ದು ಎಂದು ತಂದಿಟ್ಟ. ಅವನ ಕೆನ್ನೆಯ ಮೇಲೆಲ್ಲ ಹಿಟ್ಟಾಗಿತ್ತು.

ಡ್ವೇನ್ ಸಾಹೇಬರು ಬಿಚ್ಚಿ ನೋಡಿದರು. ಮೂಸಿದರು. ಗಲ್ಫಿನಲ್ಲಿ ಹತ್ತು ವರ್ಷ ಕಳೆದ ಗಟ್ಟಿ ಮನುಷ್ಯ.

"ಮಗನೇ, ಇದು ಚಪಾತಿ," ಎಂದರು.

ಸಮಿತಿ ತಲೆದೂಗಿತು. ಅಮೆರಿಕನ್ ಮೆಸ್ಸಿನಲ್ಲಿ ಭಾರತೀಯ ತಿನಿಸು ಬಡಿಸುವುದು ಗುತ್ತಿಗೆಗೆ ವಿರುದ್ಧವೆಂದು ಕ್ಲೇಟನ್ ಸಾಹೇಬರು ಓಲ್ಸನ್‌ಗೆ ಲಿಖಿತ ಎಚ್ಚರಿಕೆ ಕೊಟ್ಟರು. ಟೈಪು ಮಾಡಿದ್ದು ನಾನೇ, ತಪ್ಪಿಲ್ಲದೆ. ಆದರೂ ಸಂಬಂಧಪಟ್ಟ ರಾಜ್ಯದವನು ಹಾಜರಿರುವಾಗ ಅವನ ಸಹಿ ಬೇಕೇ ಬೇಕೆಂದು ಸಮಿತಿ ಹಟ ಹಿಡಿಯಿತು. ಓಲ್ಸನ್ ಒಲ್ಲೆ ಎಂದ. ಪರಪ್ಪನ ಪತ್ರ ನನ್ನ ಡ್ರಾವರಿಗೆ ವಾಪಸು ಬಂತು.

ಪರಪ್ಪ ಮರುದಿನವೂ ಎಂದಿನಂತೆ ಒಲೆ ಹಚ್ಚಿದ. ಓಲ್ಸನ್ ಎರಡು ದಿನ ಊಟ ಬಿಟ್ಟು ಬಿಸ್ಕತ್ತು ತಿನ್ನುತ್ತಿದ್ದುದನ್ನು ನೋಡಿ, ಮೂರನೇ ದಿನ ಒಂದು ಬಟ್ಟಲು ಮಾದಲಿಗೆ ಬೆಚ್ಚಗಿನ ಹಾಲು ಹಾಕಿ ಅವನ ಮುಂದಿಟ್ಟ. ಉಪವಾಸ ಇರಬ್ಯಾಡ್ರಿ ಎಂದು ಕೈಸನ್ನೆ ಮಾಡಿದ. ಓಲ್ಸನ್ ಒಂದು ಚಮಚ ತಿಂದ, ಎರಡು ತಿಂದ. ಮೂಲೆಯಲ್ಲಿ ಒಬ್ಬನೇ ಕುಳಿತು ಬಟ್ಟಲು ಬಳಿದ. ಆಮೇಲೆ ನನ್ನ ಮೇಜಿಗೆ ಬಂದು ಪೆನ್ನು ಕೇಳಿದ.

"ಅಜ್ಜಿ ಇದನ್ನೂ ಮಾಡುತ್ತಿದ್ದಿರಬೇಕು," ಎಂದ ಮೆಲ್ಲಗೆ. "ಮರೆತದ್ದು ನಾನು."

ಅವನು ಸಹಿ ಹಾಕುವಾಗ ನನ್ನ ಕಣ್ಣಲ್ಲಿ ನೀರು ಬಂತು. ಈರುಳ್ಳಿಯ ದೆಸೆಯಿಂದ ಎಂದು ಹೇಳಿದೆ. ಮಾದಲಿಗೆ ಈರುಳ್ಳಿ ಹಾಕುವುದಿಲ್ಲ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇಕಾಮಾ ಬದಲಾಯಿತು. ಹೊನ್ನವ್ವ ಬಂದಳು. ಹವಲ್ಲಿಯಲ್ಲಿ ಹಳೇ ಬಿಲ್ಡಿಂಗಿನ ಒಂದು ಕೋಣೆಯಲ್ಲಿ ಸಂಸಾರ ಹೂಡಿದರು. ಮೊದಲ ಶುಕ್ರವಾರ ನನ್ನನ್ನೂ ಓಲ್ಸನ್ನನ್ನೂ ಊಟಕ್ಕೆ ಕರೆದರು. ಓಲ್ಸನ್ ಅಷ್ಟರಲ್ಲಿ ಹೊಸ ಹೆಲ್ಪರುಗಳಿಗೆ ಮಾದಲಿ ಕಲಿಸುವ ಅಧಿಕೃತ ಬೋಧಕ. ತಾನೇ ಮಾಡಿದ್ದನ್ನು ಡಬ್ಬಿಯಲ್ಲಿ ತಂದು, ನಮ್ಮೂರಿನ ತಿನಿಸು ಎಂದು ಹೊನ್ನವ್ವನಿಗೆ ಕೊಟ್ಟು, ಹಾಲು ಹೇಗೆ ಹಾಕಿಕೊಳ್ಳಬೇಕೆಂದು ತೋರಿಸಿದ. ಅವಳು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಗಂಡನ ಮುಖ ನೋಡಿದಳು. ಪರಪ್ಪ ಕಿಟಕಿಯಾಚೆ ನೋಡಿದ.

"ಯಾಲಕ್ಕಿ ಕಡಿಮಿ ಬಿದ್ದೈತಿ," ಎಂದಳು.

ನಾರ್ತ್ ಡಕೋಟಾದಲ್ಲಿ ಅಷ್ಟೇ ಹಾಕುವುದು ಎಂದ ಓಲ್ಸನ್. ನಾನು ಅನುವಾದಿಸಿದೆ.

"ಇರಲಿ ಬಿಡ್ರಿ. ಅವರೂರಿನ ತಿನಿಸು ಅವರಿಗೇ ಗೊತ್ತು. ನಾವ್ಯಾಕ ನಡುವ ಬಾಯಿ ಹಾಕೂದು?" ಎಂದು ಹೊನ್ನವ್ವ ಒಳಗೆ ಹೋದಳು. ಬರುವಾಗ ಅವಳ ತಟ್ಟೆಯಲ್ಲಿ ಆಲೂಗಡ್ಡೆಯ ತೆಳ್ಳನೆ ರೊಟ್ಟಿ ಇತ್ತು, ಬೆಣ್ಣೆ ಸಕ್ಕರೆ ಹಚ್ಚಿ ಸುರುಳಿ ಸುತ್ತಿದ್ದು. ಓಲ್ಸನ್ ಮಾಡಿದ್ದನ್ನು ಪರಪ್ಪ ನೋಡಿಟ್ಟುಕೊಂಡಿದ್ದ. ಹೆಂಡತಿಗೆ ಹೇಳಿಕೊಟ್ಟಿದ್ದ.

ಓಲ್ಸನ್ ಕಣ್ಣು ಮುಚ್ಚಿ ಒಂದು ತಿಂದ. ಎರಡನೆಯದಕ್ಕೆ ಕೈ ಚಾಚಿದ. ಮೂರನೆಯದನ್ನು ಕೇಳಿ ಹಾಕಿಸಿಕೊಂಡ. ಭಾರತೀಯ ಊಟಕ್ಕೆ ಸಾಟಿ ಇಲ್ಲ, ನಾರ್ತ್ ಡಕೋಟಾದಲ್ಲಿ ಇಂಥದ್ದು ಎಲ್ಲಿಯೂ ಸಿಗುವುದಿಲ್ಲ ಎಂದು ಆ ತಾಯಿಗೆ ಹೇಳಿ ಎಂದು ನನಗೆ ಹೇಳಿದ.

ನಾನು ಹೇಳಿದೆ. ಹೊನ್ನವ್ವ ಸೆರಗು ಸರಿಮಾಡಿಕೊಂಡು, ಪ್ರತಿ ಶುಕ್ರವಾರ ಬರ್ರಿ ಅಂದಳು. ಅವನು ಈಗಲೂ ಹೋಗುತ್ತಾನೆ.