ಒಂದೂವರೆ ಪಟ್ಟು ವೇಗದ ಮೆಚ್ಚುಗೆ

ನೋಡದೆ ಮಾತಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲೇ ಬೆಳೆದವಳು ನಾನು. ಯಾರಾದರೂ ‘ಎಲ್ಲರಿಗೂ ಗೊತ್ತಿರುವಂತೆ’ ಎಂದು ಶುರುಮಾಡಿದರೆ, ಯಾರಿಗೆ ಗೊತ್ತು, ಹೇಗೆ ಗೊತ್ತು ಎಂದು ಕೇಳದೆ ನಾಲಗೆ ಸುಮ್ಮನಿರುವುದಿಲ್ಲ. ಈ ಗುಣದಿಂದ ಇಬ್ಬರು ಫ್ಲ್ಯಾಟ್‌ಮೇಟ್‌ಗಳನ್ನೂ ಒಂದು ಮದುವೆಯ ಪ್ರಸ್ತಾಪವನ್ನೂ ಕಳೆದುಕೊಂಡಿದ್ದೇನೆ. ವಾದ ಮಾತ್ರ ಮೂರರಲ್ಲೂ ನಾನೇ ಗೆದ್ದೆ.

ಪರದೇಶದಲ್ಲಿ, ಡನೀಡಿನ್ ಎಂಬ ಊರಿನ ನಮ್ಮ ಕನ್ನಡ ಬಳಗದಲ್ಲಿ, ಒಬ್ಬ ಜಪಾನಿ ಸಿನಿಮಾ ನಿರ್ದೇಶಕರಿಗೆ ಅನ್ಯಾಯವಾಗುತ್ತಿತ್ತು. ಎಂಬತ್ತು ದಾಟಿದ ಹಿರಿಯರು. ಚಿತ್ರಕಥೆ ಅವರದ್ದೇ, ಮಾತೂ ಅವರದ್ದೇ. ವರ್ಷಗಟ್ಟಲೆ ಕೂತು ಬರೆದ ಮಾತಿನಲ್ಲಿ ಅರ್ಧವನ್ನು ಚಿತ್ರೀಕರಣದ ದಿನ ತಾವೇ ಹೊಡೆದುಹಾಕುತ್ತಿದ್ದರಂತೆ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮೈಸೂರಿನ ಗ್ರೇಸ್ ಆಂಟಿಗೆ ಅವರೆಂದರೆ ಪ್ರಾಣ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ, ಲೈಬ್ರರಿಯ ಕೋಣೆಯೊಂದನ್ನು ಕೇಳಿ ಪಡೆದು, ಅವರದೊಂದು ಸಿನಿಮಾ ತೋರಿಸುತ್ತಾರೆ. ವಾರವಿಡೀ ವಾರ್ಡಿನಲ್ಲಿ ಓಡುವವರಿಗೆ ಕೂತು ಉಸಿರಾಡಲು ಇರುವುದು ಅದೊಂದೇ ಮಧ್ಯಾಹ್ನ. ಆ ಸಿನಿಮಾಗಳು ತೀರಾ ನಿಧಾನವೆಂದು, ಅದನ್ನು ಕಿತ್ತು ಅಂತ್ಯಾಕ್ಷರಿಗೆ ಕೊಡಬೇಕೆಂದು ಬಳಗದ ಸಮಿತಿ ಹೊರಟಿತ್ತು. ಮುಂದಾಳು ಧಾರವಾಡದ ಬಸವರಾಜ ಅಂಕಲ್. ಶಸ್ತ್ರಚಿಕಿತ್ಸೆಗೆ ಮೊದಲು ಅರಿವಳಿಕೆ ಕೊಡುವ ಡಾಕ್ಟರು. “ಮಂದಿಗಿ ನಿದ್ದಿ ಬರಿಸೂದು ನನ್ನ ಉದ್ಯೋಗ. ಆ ಜಪಾನಿ ಅಜ್ಜ ಯಾಕ ನನ್ನ ಹೊಟ್ಟಿ ಮ್ಯಾಲ ಹೊಡೀತಾನ?” ಎಂದು ಕೇಳಿ ಎಲ್ಲರನ್ನೂ ನಗಿಸಿದರು. ಯಾವ ಸಿನಿಮಾ ಪೂರ್ತಿ ನೋಡಿದ್ದೀರಿ ಎಂದು ನಾನು ಕೇಳಿದೆ. ಒಂದೂ ಇಲ್ಲ.

ಕೊನೆಗೊಂದು ಒಪ್ಪಂದವಾಯಿತು. ಮುಂದಿನ ಪ್ರದರ್ಶನಕ್ಕೆ ಮೊದಲು ಯಾರಾದರೂ ಹತ್ತು ನಿಮಿಷ ಆ ನಿರ್ದೇಶಕರ ಸಾಧನೆಯ ಬಗ್ಗೆ ಮಾತಾಡಬೇಕು. ಆಮೇಲೆ, ಸಿನಿಮಾ ಉಳಿಯಬೇಕೆನ್ನುವವರ ಕೈ ಎತ್ತಿಸಿ ತೀರ್ಮಾನ. ಆಂಟಿ ನನ್ನ ಮುಖ ನೋಡಿದರು. ನಾನು ಒಪ್ಪಿಕೊಂಡೆ.

ಒಂದು ವಾರದಲ್ಲಿ ಆಂಟಿಯ ಆರು ಡಿಸ್ಕುಗಳನ್ನು ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ನೋಡಿ ಮುಗಿಸಿದೆ. ನೋಡುತ್ತ ಹೋದಂತೆ ಸಿಟ್ಟು ನೆತ್ತಿಗೇರಿತು. ನಿಧಾನವಂತೆ! ಜನ ದಡದಡ ನಡೆಯುತ್ತಾರೆ, ಚಹಾವನ್ನು ಒಂದೇ ಗುಟುಕಿಗೆ ಮುಗಿಸುತ್ತಾರೆ, ಅಡಿಬರಹ ಓದುವುದರೊಳಗೆ ಇನ್ನೊಬ್ಬರ ಮಾತು ಶುರು. ಒಂದರಲ್ಲಿ ಪಕ್ಕದ ಮನೆಯ ಮುದುಕ ಏಣಿ ಹಿಂದಿರುಗಿಸಲು ಬರುತ್ತಾನೆ. ವಿಧವೆಯೊಬ್ಬಳು ಅವನಿಗಾಗಿ ಸರಸರ ಸೇಬಿನ ಸಿಪ್ಪೆ ತೆಗೆಯುತ್ತಾಳೆ. ‘ತಿಂದು ತೊಲಗಲಿ ಎಂಬ ಆತುರ’ ಎಂದು ಟಿಪ್ಪಣಿ ಮಾಡಿಕೊಂಡೆ.

ಶನಿವಾರ ನಿಂತು ಎಲ್ಲವನ್ನೂ ಬಿಚ್ಚಿಟ್ಟೆ. ನಿಧಾನವೆಂಬುದು ನೋಡದವರು ಹಬ್ಬಿಸಿದ ಸುಳ್ಳು ಎಂದೆ. ಜಪಾನಿನಲ್ಲಿ ಇಷ್ಟು ಚುರುಕಿನ ನಿರ್ದೇಶಕರು ಇನ್ನೊಬ್ಬರಿಲ್ಲ ಎಂದೆ. ಹತ್ತು ನಿಮಿಷಕ್ಕೆ ಹದಿನೇಳು ಅಂಶ. ಮುಗಿಸಿ ಕೂತೆ. ಆಮೇಲೆ ಒಂದೊಂದಾಗಿ ಎಲ್ಲ ಕೈಗಳೂ ಎದ್ದವು, ಬಸವರಾಜ ಅಂಕಲ್ ಅವರದ್ದೂ. ಆಂಟಿ ಕಣ್ಣೊರೆಸಿಕೊಂಡು ಸಿನಿಮಾ ಹಾಕಿದರು. ಏಣಿಯದ್ದೇ.

ಮುದುಕ ಬಂದ. ಬರುತ್ತಲೇ ಇದ್ದ. ಯಂತ್ರ ಕೆಟ್ಟಿದೆ ಎಂದುಕೊಂಡು ನಾನು ಸಿಟ್ಟಿನಿಂದ ಎದ್ದು ಹೋಗಿ ಆಂಟಿಯ ಕಿವಿಯಲ್ಲಿ ದೂರಿದೆ. ಅವರು ಹಾಗೇನಿಲ್ಲ, ಈ ಸಿನಿಮಾದ ನಡೆಯೇ ಹೀಗೆ ಎಂದು ಹೇಳಿ, ನೀನು ಯಾವುದರಲ್ಲಿ ನೋಡಿದೆ ಎಂದು ಕೇಳಿದರು. ಆಗ ನೆನಪಾಯಿತು. ಓದುವ ದಿನಗಳಲ್ಲಿ ಪಾಠದ ರೆಕಾರ್ಡಿಂಗುಗಳನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ಮುಗಿಸುತ್ತಿದ್ದೆ. ಆ ಲ್ಯಾಪ್‌ಟಾಪ್ ಆ ವೇಗವನ್ನು ಇನ್ನೂ ಮರೆತಿರಲಿಲ್ಲ. ನನಗೋ ಜಪಾನಿ ಬರುವುದಿಲ್ಲ. ಜಪಾನಿನವರು ಮಾತಾಡುವುದೇ ಹಾಗೆ ಎಂದುಕೊಂಡಿದ್ದೆ. ಆರು ಸಿನಿಮಾ ನೋಡಿಯೂ ನೋಡದವಳು ನಾನೊಬ್ಬಳೇ.

ತೆರೆಯ ಮೇಲೆ ವಿಧವೆ ಸೇಬು ಕೈಗೆತ್ತಿಕೊಂಡಳು. ಸಿಪ್ಪೆ ಒಂದೇ ಎಳೆಯಾಗಿ ಇಳಿಯುತ್ತ ಇಳಿಯುತ್ತ ಮಡಿಲು ಮುಟ್ಟಿತು. ಅವನು ಹೊರಡದಿರಲಿ ಎಂದು ಅವಳು ಅಷ್ಟು ನಿಧಾನ ಮಾಡುತ್ತಿದ್ದಳು.

ಚಹಾದ ಹೊತ್ತಿಗೆ, ಅವರು ಹಂಗಿಸುವ ಮೊದಲೇ ನಾನೇ ಬಸವರಾಜ ಅಂಕಲ್ ಹತ್ತಿರ ಹೋಗಿ ತಪ್ಪೊಪ್ಪಿಕೊಂಡೆ. ಅವರು ಬಿಸ್ಕತ್ತನ್ನು ಅದ್ದಿ ತಿಂದು ಮುಗಿಸಿ ಹೇಳಿದರು: “ನೀ ಏನ್ ಹೇಳಿದಿ ಅಂತ ಯಾರಿಗ್ ತಿಳದೈತಿವಾ? ಆ ಪರಿ ಓಡಿಸಿದಿ. ಬ್ಯಾಡ ಅಂದ್ರ ಮತ್ತ ಹತ್ತು ನಿಮಿಷ ಮಾತಾಡ್ತಿ ಅಂತ ಹೆದರಿ ಕೈ ಎತ್ತಿದ್ವಿ.”

ಕೇಳದೆ ಕೈ ಎತ್ತುವವರನ್ನು ಕಂಡರೂ ನನಗೆ ಮೈಯೆಲ್ಲ ಉರಿಯುತ್ತದೆ. ತೀರ್ಮಾನವೇ ಅಸಿಂಧು ಎಂದು ವಾದಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಗ್ರೇಸ್ ಆಂಟಿ ನನ್ನ ಕೈಗೊಂದು ಸೇಬು, ಒಂದು ಚಾಕು ಕೊಟ್ಟು, “ಸುಮ್ನೆ ಕೂತು ಸಿಪ್ಪೆ ತೆಗಿ ಕಣೇ, ಎಲ್ಲೂ ತುಂಡಾಗಬಾರ್ದು” ಎಂದರು.

ಎರಡನೇ ಸುತ್ತಿಗೇ ತುಂಡಾಯಿತು. ಚಾಕು ಸರಿಯಿರಲಿಲ್ಲ.