ಜಪಾನಿ ಯಂತ್ರಕ್ಕೆ ಸಿಕ್ಕ ಯವ್ವ

ತಪ್ಪು ಮಾಡಿ ಸಿಕ್ಕಿಬೀಳುವ ಹೊತ್ತಿಗೆ ಒಬ್ಬೊಬ್ಬರು ಒಂದೊಂದು ದಾರಿ ಹಿಡಿಯುತ್ತಾರೆ. ಕೆಲವರಿಗೆ ಕೆಮ್ಮು ಬರುತ್ತದೆ, ಕೆಲವರಿಗೆ ಬಸ್ಸಿನ ಹೊತ್ತು ನೆನಪಾಗುತ್ತದೆ. ರಾಯಚೂರಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದ ಮಾಸ್ತರ ನಾನು; ನನಗೆ ತಾಂತ್ರಿಕ ವಿವರಗಳು ಬರುತ್ತವೆ. ತಂಗಿ ಶಾಂತಮ್ಮ ಮಾನ್ವಿಯಿಂದ ಬಂದಾಗಲೆಲ್ಲ, "ಯಣ್ಣಾ, ಯವ್ವನ ಹಾಡಿನ ಕ್ಯಾಸೆಟ್ ಎಲ್ಲದ?" ಎಂದು ಕೇಳುತ್ತಿದ್ದಳು. ನಾನು ಮಂಚದ ಕೆಳಗಿನ ಹಳೆಯ ಜಪಾನಿ ಕಂಪ್ಯೂಟರಿನ ಪುರಾಣ ತೆಗೆಯುತ್ತಿದ್ದೆ. ಅವಳು ಆಕಳಿಸಿ ಎದ್ದು ಹೋಗುತ್ತಿದ್ದಳು. ಹೀಗೆ ಎಷ್ಟೋ ವರ್ಷ ಪಾರಾದೆ.

ಪುರಾಣವೇನೂ ಸಣ್ಣದಲ್ಲ. ಒಂದು ಕಾಲಕ್ಕೆ ಜಪಾನಿನ ಹಲವು ಕಂಪನಿಗಳು ಸೇರಿ, ಒಬ್ಬರ ಯಂತ್ರದ ಆಟ ಇನ್ನೊಬ್ಬರ ಯಂತ್ರದಲ್ಲೂ ನಡೆಯಲಿ ಎಂದು ಎಂಎಸ್‌ಎಕ್ಸ್ ಎಂಬ ಒಂದೇ ನಮೂನೆಗೆ ಒಪ್ಪಿಕೊಂಡವು. ಕೀಬೋರ್ಡಿನ ಹೊಟ್ಟೆಯಲ್ಲೇ ಕಂಪ್ಯೂಟರು, ಪರದೆಗೆ ಮನೆಯ ಟೀವಿ, ಅರವತ್ನಾಲ್ಕು ಕಿಲೋಬೈಟ್ ನೆನಪು. ಈಗಿನ ಫೋನಿನ ಒಂದು ಫೋಟೊ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಕುವೈತಿನಲ್ಲಿ ದುಡಿಯುತ್ತಿದ್ದ ಗೆಳೆಯ ಖಾಜಾ ಅಂಥದೊಂದನ್ನು ನನಗೆಂದು ತಂದುಕೊಟ್ಟ. ಆ ಕಡೆ ಮಾರುವ ಯಂತ್ರವಾದ್ದರಿಂದ ಗುಂಡಿಗಳ ಮೇಲೆ ಇಂಗ್ಲಿಷಿನ ಜೊತೆ ಅರಬ್ಬಿ ಅಕ್ಷರವೂ ಇತ್ತು. ಖಾಜಾನ ಅಪ್ಪ ಕನ್ನಡಕ ಏರಿಸಿ ಒಂದೊಂದೇ ಗುಂಡಿ ಓದಿ, "ಮಾಸ್ತರ್ರ, ಅಕ್ಷರ ಎಲ್ಲಾ ಬರಾಬರ್ ಅದಾವ, ಮಾತ ಒಂದೂ ಇಲ್ಲ ನೋಡ್ರಿ" ಎಂದಿದ್ದ.

ಆ ಯಂತ್ರ ಬರೆದಿದ್ದನ್ನು ಉಳಿಸುತ್ತಿದ್ದದ್ದು ಹಾಡಿನ ಕ್ಯಾಸೆಟ್ಟಿನಲ್ಲಿ. ಬರಹವೆಲ್ಲ ಕೀರಲು ಸದ್ದಾಗಿ ಟೇಪಿಗೆ ಇಳಿಯುತ್ತಿತ್ತು. ಬೇಸಿಕ್ ಎಂಬ ಅದರ ಭಾಷೆಯಲ್ಲಿ ಮೊದಲ ಪ್ರೋಗ್ರಾಮು ಬರೆದ ಭಾನುವಾರ ನಾನು ನಮ್ಮೂರು ಅರಕೇರಾದ ಮನೆಯಲ್ಲಿದ್ದೆ. ಎರಡೇ ಸಾಲು; ಪರದೆ ತುಂಬ ಇಂಗ್ಲಿಷ್ ಅಕ್ಷರದಲ್ಲಿ ಯವ್ವ, ಯವ್ವ ಎಂದು ನಿಲ್ಲದೆ ಓಡುತ್ತಿತ್ತು. ಓದು ಬಾರದ ಯವ್ವ ಒಲೆ ಮುಂದಿನಿಂದ ಎದ್ದುಬಂದು, ಏನದು ಎಂದು ಕೇಳಿ ತಿಳಿದುಕೊಂಡು, "ಒಬ್ಬಾಕಿನ್ನ ಇಷ್ಟು ಸಲ ಯಾಕ ಕರೀತೀಯಪಾ? ಇಲ್ಲೇ ಅದೀನಲ್ಲ" ಎಂದಳು.

ಅದನ್ನು ಉಳಿಸಬೇಕೆಂಬ ಹುಚ್ಚು ಹತ್ತಿತು. ಖಾಲಿ ಕ್ಯಾಸೆಟ್ ಇರಲಿಲ್ಲ. ಇದ್ದದ್ದು ಶಾಂತಮ್ಮ ತಾನೇ ಯವ್ವನ ಬೀಸುವ ಹಾಡು ತುಂಬಿಸಿಕೊಂಡಿದ್ದ ಒಂದು. ಯಾರೂ ಅಳಿಸಬಾರದೆಂದು ಅದರ ಬೆನ್ನಿನ ಚಿಕ್ಕ ಪಟ್ಟಿಗಳನ್ನು ಅವಳು ಮುರಿದಿಟ್ಟಿದ್ದಳು. ನಾನು ಕಾಗದ ಮಡಚಿ, ಅನ್ನದ ಅಗುಳಿನಿಂದ ಆ ತೂತು ಮುಚ್ಚಿದೆ. ಯವ್ವ ಅಲ್ಲೇ ಇದ್ದಳಲ್ಲ, ಇನ್ನೊಮ್ಮೆ ಹಾಡಿಸಿದರಾಯಿತು ಎಂದುಕೊಂಡೆ. ಟೇಪಿನಲ್ಲಿ ಒಂದು ಪ್ರತಿ ಕೆಟ್ಟರೆ ಇನ್ನೊಂದಿರಲಿ ಎಂದು, ಪ್ರೋಗ್ರಾಮಿಗೂ ಯವ್ವ ಎಂದೇ ಹೆಸರಿಟ್ಟು ಹನ್ನೆರಡು ಪ್ರತಿ ಮಾಡಿದೆ. ಹಾಡು ಇದ್ದದ್ದೇ ನಾಲ್ಕು ನಿಮಿಷ. ಆಮೇಲೆ ಹೆದರಿ ಕ್ಯಾಸೆಟ್ಟನ್ನು ಯಂತ್ರದ ಡಬ್ಬಿಯಲ್ಲೇ ಬಚ್ಚಿಟ್ಟೆ.

ಇನ್ನೊಮ್ಮೆ ಹಾಡಿಸುವುದು ಆಗಲೇ ಇಲ್ಲ. ನೌಕರಿ, ವರ್ಗಾವಣೆ, ನಾಳೆ ನೋಡೋಣ. ಅಷ್ಟರಲ್ಲಿ ಯವ್ವನಿಗೆ ಲಕ್ವ ಹೊಡೆದು ಮಾತು ನಿಂತಿತು. ಮನೆಗೆ ಸ್ಮಾರ್ಟ್‌ಫೋನ್ ಬರುವ ಹೊತ್ತಿಗೆ ಹಿಡಿದಿಡಲು ದನಿಯೇ ಇರಲಿಲ್ಲ. ಹೋದ ವರ್ಷ ತೀರಿಕೊಂಡಳು. ಅಂದಿನಿಂದ ಶಾಂತಮ್ಮ ನನ್ನ ಪುರಾಣಕ್ಕೆ ಆಕಳಿಸುವುದನ್ನು ಬಿಟ್ಟು, ಅದು ಮುಗಿಯುವತನಕ ಕಾದು ಕೂತು, ಮತ್ತೆ ಅದೇ ಪ್ರಶ್ನೆ ಕೇಳತೊಡಗಿದಳು.

ಹೋದ ತಿಂಗಳು ತನ್ನ ಟೇಪ್ ರೆಕಾರ್ಡರನ್ನೇ ಚೀಲದಲ್ಲಿ ಹಾಕಿಕೊಂಡು ಬಂದಳು. ಆ ಮುಖ ನೋಡಿ ನನಗೆ ಯಾವ ವಿವರವೂ ಬಾಯಿಗೆ ಬರಲಿಲ್ಲ. ಡಬ್ಬಿ ಎಳೆದು ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. "ಏನ್ ತುಂಬೀದಿ, ಅದನ್ನರ ತೋರ್ಸು" ಎಂದಳು. ಹಳೆಯ ಟೀವಿ, ಯಂತ್ರ, ಅವಳ ರೆಕಾರ್ಡರು, ಮೂರಕ್ಕೂ ವಯರು ಜೋಡಿಸಿದೆ. ಯಂತ್ರ ಸ್ವಲ್ಪ ಹೊತ್ತು ಟೇಪು ಆಲಿಸಿ, ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆಯಿತು.

"ಏನ್ ಅಂತದಣ್ಣಾ?"

"ಯವ್ವ ಸಿಕ್ಕಾಳ ಅಂತದ."

"ಎಲ್ಲಿ?" ಎಂದಳು ಶಾಂತಮ್ಮ.

ನಾಚಿಕೆಯಿಂದ ರೆಕಾರ್ಡರಿನ ವಯರು ಕಿತ್ತೆ. ಟೇಪು ಓಡುತ್ತಲೇ ಇತ್ತು. ವಯರು ಹೋದದ್ದರಿಂದ ರೆಕಾರ್ಡರಿನ ಸ್ಪೀಕರಿಗೆ ದನಿ ಮರಳಿ, ಕೀರಲು ಸದ್ದು ಕೋಣೆ ತುಂಬಿತು, ನಿಂತಿತು. ಆಗ, "ತಡಿಯವ್ವಾ, ರೊಟ್ಟಿ ಹೊತ್ತಾಕತ್ತದ" ಎಂದು ಯವ್ವ ಹೇಳಿದಳು. ಮರುಗಳಿಗೆ ಮತ್ತೆ ಕೀರಲು. ಒಂದು ಪ್ರತಿಗೂ ಇನ್ನೊಂದಕ್ಕೂ ನಡುವೆ ನಾನು ಟೇಪನ್ನು ಚೂರು ಮುಂದೆ ಓಡಿಸಿದ್ದೆ; ಅಷ್ಟು ಜಾಗ ಅಳಿಸದೆ ಉಳಿದಿತ್ತು. ಶಾಂತಮ್ಮ ಗೋಡೆಗೆ ಒರಗಿ ಮೆಲ್ಲಗೆ, "ಹೂಂ ಯವ್ವಾ, ತೆಗೀತೀನಿ" ಎಂದಳು. ನಾನು ಅತ್ತುಬಿಟ್ಟೆ.

ಹನ್ನೊಂದು ಸಂದಿಗಳನ್ನೂ ಕೇಳಿದೆವು. ಒಂದರಲ್ಲಿ ರೊಟ್ಟಿ, ಒಂದರಲ್ಲಿ ಕೆಮ್ಮು, ಒಂದರಲ್ಲಿ ಹಾಡಿನ ಅರ್ಧ ಸಾಲು. ಉಳಿದವು ಅರ್ಧ ಅಕ್ಷರವೂ ಹಿಡಿಯದಷ್ಟು ಇಕ್ಕಟ್ಟು. ತಡೆಯಲಾರದೆ ನನ್ನ ಬಾಯಿ ಹಳೆಯ ದಾರಿ ಹಿಡಿಯಿತು: ಟೇಪು ಸೆಕೆಂಡಿಗೆ ಐದು ಸೆಂಟಿಮೀಟರಿಗಿಂತ ತುಸು ಕಡಿಮೆ ಓಡುತ್ತದೆ, ಎಂದೆ.

"ಹಂಗಾದ್ರ ಯವ್ವ ಎಷ್ಟುದ್ದ ಉಳದಾಳ?" ಎಂದು ಕೇಳಿದಳು.

ದನಿ ಕೇಳಿದ ನಾಲ್ಕೈದು ಸೆಕೆಂಡುಗಳನ್ನು ಮನಸ್ಸಿನಲ್ಲೇ ಎಣಿಸಿ, ಬೆರಳು ಅಗಲಿಸಿ ತೋರಿಸಿದೆ. ಒಂದು ಗೇಣು. ಇಷ್ಟು ವರ್ಷ ನಾನು ಒದರಿದ ವಿವರಗಳಲ್ಲಿ ನನ್ನ ತಂಗಿ ತಾನಾಗಿಯೇ ಕೇಳಿ ತಿಳಿದುಕೊಂಡದ್ದು ಅದೊಂದೇ.